ಎಚ್‌ಟಿಎಂಎಲ್‌ನಲ್ಲಿ ಬರಹ ಜೋಡಿಸುವುದು: ಶೀರ್ಷಿಕೆ, ಪ್ಯಾರಾ, ಪಟ್ಟಿ, ಒತ್ತು

ವೆಬ್ ಪುಟ ಮಾಡಲು ಕೂತ ಹೊಸಬರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: ಈ ಸಾಲನ್ನು ದಪ್ಪ ಮಾಡುವುದು ಹೇಗೆ, ಆ ಸಾಲನ್ನು ದೊಡ್ಡದು ಮಾಡುವುದು ಹೇಗೆ? ಅಲ್ಲಿಂದ ಶುರು ಮಾಡಿದವರು ಮುಂದೆ ಪ್ರತಿ ಪುಟದಲ್ಲೂ ಒದ್ದಾಡುತ್ತಾರೆ. ಎಚ್‌ಟಿಎಂಎಲ್‌ಗೆ ನೀವು ಹೇಳಬೇಕಾದ್ದು ಯಾವ ತುಂಡು ಏನು ಎಂದು. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿಯ ಒಂದು ಅಂಶ, ಇದು ಬೇರೆಯವರ ಮಾತು, ಅಷ್ಟೇ. ದಪ್ಪ, ಬಣ್ಣ, ಅಂತರ ಎಲ್ಲ ಸಿಎಸ್‌ಎಸ್ ಎಂಬ, ಪುಟದ ರೂಪ ಹೇಳುವ ಇನ್ನೊಂದು ಭಾಷೆಯ ಪಾಲಿನ ಕೆಲಸ. ಅದೇ ಪುಟವನ್ನು ಒಬ್ಬರು ಫೋನಿನಲ್ಲಿ ನೋಡುತ್ತಾರೆ, ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಿಂದ ಕೇಳುತ್ತಾರೆ, ಸರ್ಚ್ ಎಂಜಿನ್ ಅದನ್ನು ಓದಿಕೊಂಡು ಹೋಗುತ್ತದೆ. ಅಕ್ಷರದ ಗಾತ್ರ ಕೊನೆಯ ಇಬ್ಬರಿಗೂ ಕಾಣುವುದಿಲ್ಲ, ತುಂಡು ಏನೆಂದು ಹೇಳಲು ಅದರ ಎರಡು ತುದಿಗೆ ಹಾಕುವ ಗುರುತು, ಅಂದರೆ ಟ್ಯಾಗ್ ಮಾತ್ರ ಕಾಣುತ್ತದೆ.

ಮುಂದೆ ಓದುವ ಮುನ್ನ ಒಂದು ಸೂಚನೆ. ಟ್ಯಾಗ್ ಹೆಸರುಗಳನ್ನು ಫೈಲಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ಅವನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ: ಪಿ ಎಂದರೆ ಒಂದೇ ಅಕ್ಷರ, ಯುಎಲ್ ಎಂದರೆ ಎರಡು, ಸ್ಟ್ರಾಂಗ್ ಎಂದರೆ ಆ ಇಂಗ್ಲಿಷ್ ಪದವೇ. <ಪಿ> ಎಂದು ಕನ್ನಡದಲ್ಲೇ ಟೈಪ್ ಮಾಡಿದರೆ ಬ್ರೌಸರ್ ಅದನ್ನು ಟ್ಯಾಗ್ ಎಂದು ಒಪ್ಪುವುದಿಲ್ಲ. ತೆರೆಯುವ ಟ್ಯಾಗ್ ಪುಟದ ಮೇಲೆ ಹಾಗೇ ಅಕ್ಷರವಾಗಿ ಕಾಣಿಸುತ್ತದೆ, ಮುಚ್ಚುವ ಟ್ಯಾಗ್ ಕಾಮೆಂಟ್ ಎಂದು ಪರಿಗಣಿತವಾಗಿ ಮಾಯವಾಗುತ್ತದೆ.

ಫೈಲು ಮತ್ತು ಅದರ ಚೌಕಟ್ಟು

ನೋಟ್‌ಪ್ಯಾಡ್ ಸಾಕು, ವಿಎಸ್ ಕೋಡ್‌ನಂಥ ಎಡಿಟರ್ ಇದ್ದರೆ ಇನ್ನೂ ಒಳ್ಳೆಯದು. ವರ್ಡ್ ಮಾತ್ರ ಬೇಡ, ಕಾರಣ ಮುಂದೆ ಬರುತ್ತದೆ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವಾಗ ಎರಡು ವಿಷಯ ನೋಡಿಕೊಳ್ಳಿ. ಒಂದು, ಹೆಸರನ್ನು ಡಾಟ್ ಎಚ್‌ಟಿಎಂಎಲ್ ಎಂದು ಮುಗಿಸಿ, ಫೈಲ್ ಟೈಪ್ ಎಂಬಲ್ಲಿ ಆಲ್ ಫೈಲ್ಸ್ ಆರಿಸಿ. ಇಲ್ಲದಿದ್ದರೆ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಕೊಂಡು, ಬ್ರೌಸರಿನಲ್ಲಿ ಪುಟದ ಬದಲು ನೀವು ಬರೆದ ಕೋಡೇ ಕಾಣಿಸುತ್ತದೆ. ವಿಂಡೋಸ್ ಎಕ್ಸ್‌ಟೆನ್ಷನ್ ಅಡಗಿಸಿಡುವುದರಿಂದ ಈ ಬಾಲ ಕಣ್ಣಿಗೆ ಬೀಳುವುದೂ ಇಲ್ಲ. ಎರಡು, ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬೈಟುಗಳಾಗಿ ಇಡುವ ಕ್ರಮ) ಯುಟಿಎಫ್-8 ಇರಲಿ. ವಿಂಡೋಸ್ 10ರ 1903ನೇ ಆವೃತ್ತಿಯಿಂದ ಹೊಸ ಫೈಲುಗಳಿಗೆ ನೋಟ್‌ಪ್ಯಾಡ್ ತಾನಾಗಿಯೇ ಇದನ್ನು ಹಾಕುತ್ತದೆ. ಹಳೆಯ ಯಂತ್ರವಾದರೆ ನೀವೇ ಆರಿಸಬೇಕು.

ಚೌಕಟ್ಟು ಇಷ್ಟು:

<!ಡಾಕ್‌ಟೈಪ್ ಎಚ್‌ಟಿಎಂಎಲ್>
<ಎಚ್‌ಟಿಎಂಎಲ್ ಲ್ಯಾಂಗ್="ಕೆಎನ್">
<ಹೆಡ್>
  <ಮೆಟಾ ಚಾರ್‌ಸೆಟ್="ಯುಟಿಎಫ್-8">
  <ಮೆಟಾ ನೇಮ್="ವ್ಯೂಪೋರ್ಟ್" ಕಂಟೆಂಟ್="ವಿಡ್ತ್=ಡಿವೈಸ್-ವಿಡ್ತ್">
  <ಟೈಟಲ್>ಸೈಕಲ್ಲಿಗೆ ಪಂಕ್ಚರ್ ಹಾಕುವುದು</ಟೈಟಲ್>
</ಹೆಡ್>
<ಬಾಡಿ>
  ಬರಹವೆಲ್ಲ ಇಲ್ಲಿ
</ಬಾಡಿ>
</ಎಚ್‌ಟಿಎಂಎಲ್>

ಮೊದಲ ಸಾಲು ಬಿಟ್ಟರೂ ಪುಟ ತೆರೆಯುತ್ತದೆ. ಆದರೆ ಬ್ರೌಸರ್ ಕ್ವರ್ಕ್ಸ್ ಮೋಡ್‌ಗೆ ಜಾರುತ್ತದೆ. ತೊಂಬತ್ತರ ದಶಕದ ಪುಟಗಳು ಕೆಡದಿರಲಿ ಎಂದು ಉಳಿಸಿಕೊಂಡ ಹಳೆಯ ನಡವಳಿಕೆ ಅದು. ಅಲ್ಲಿ ಟೇಬಲ್ಲಿನೊಳಗಿನ ಅಕ್ಷರ ಗಾತ್ರ, ಎತ್ತರದ ಲೆಕ್ಕ ಮುಂತಾದವು ಬೇರೆಯಾಗುತ್ತವೆ. ಸಿಎಸ್‌ಎಸ್ ಸರಿ ಇದ್ದೂ ಪುಟ ವಿಚಿತ್ರವಾಗಿ ಕಂಡರೆ ಮೊದಲು ಈ ಸಾಲು ಇದೆಯೇ ನೋಡಿ.

ಚಾರ್‌ಸೆಟ್ ಸಾಲು ಫೈಲಿನ ಮೊದಲ 1024 ಬೈಟ್‌ಗಳ ಒಳಗೇ ಇರಬೇಕು ಎಂಬ ನಿಯಮವಿದೆ. ಆದ್ದರಿಂದ ಅದನ್ನು ಹೆಡ್‌ನ ಮೊದಲ ಸಾಲಾಗಿಯೇ ಇಟ್ಟುಬಿಡಿ, ಟೈಟಲ್‌ಗಿಂತಲೂ ಮೊದಲು. ಇಂಗ್ಲಿಷ್ ಪುಟದಲ್ಲಿ ಇದನ್ನು ಮರೆತರೆ ಹೆಚ್ಚೇನೂ ಆಗದು. ಕನ್ನಡದಲ್ಲಿ ಹಾಗಲ್ಲ, ಪುಟ ಪೂರ್ತಿ ಕೆಡುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ನಲ್ಲಿ ಮೂರು ಬೈಟ್ ಹಿಡಿಯುತ್ತದೆ. ಬ್ರೌಸರ್ ಅವನ್ನು ಮೂರು ಬಿಡಿ ಯುರೋಪಿಯನ್ ಅಕ್ಷರಗಳೆಂದು ಓದಿದರೆ, ತಲೆಯ ಮೇಲೆ ಓರೆ ಗೀಟಿರುವ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಆಮೇಲೆ ಇನ್ನೊಂದು ಏನೋ ಗುರುತು, ಹೀಗೆ ಸಾಲು ಸಾಲು ಬರುತ್ತದೆ. ಪರದೆಯ ಮೇಲೆ ಈ ಮಾದರಿ ಕಂಡರೆ ಅಕ್ಷರ ಸರಿಯಾಗೇ ಇದೆ, ಚಾರ್‌ಸೆಟ್ ತಿಳಿಸಿಲ್ಲ ಅಷ್ಟೇ. ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಮಾತ್ರ ಫೈಲನ್ನು ಸೇವ್ ಮಾಡುವಾಗಲೇ ಬರಹ ನಾಶವಾಗಿದೆ, ಮತ್ತೆ ಟೈಪ್ ಮಾಡುವುದೊಂದೇ ದಾರಿ. ಇನ್ನೊಂದು ಬಗೆಯೂ ಇದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನವನ್ನು ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದು ಯೂನಿಕೋಡ್ ಅಲ್ಲವೇ ಅಲ್ಲ. ಚಾರ್‌ಸೆಟ್ ಏನು ಹಾಕಿದರೂ ಸರಿಹೋಗದು, ಮೊದಲು ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಟ್ಯಾಗಿನೊಳಗೆ ಬರೆಯುವ ಲ್ಯಾಂಗ್ ಎಂಬ ಗುಣಕ್ಕೆ (ಅಟ್ರಿಬ್ಯೂಟ್) ಕೆಎನ್ ಎಂಬ ಬೆಲೆ ಕೊಟ್ಟರೆ ಪುಟ ಕನ್ನಡದ್ದು ಎಂದು ಘೋಷಿಸಿದಂತೆ. ಸ್ಕ್ರೀನ್ ರೀಡರ್ ಯಾವ ದನಿಯಲ್ಲಿ ಓದಬೇಕು, ಬ್ರೌಸರ್ ಅನುವಾದ ಬೇಕೇ ಎಂದು ಕೇಳಬೇಕೇ ಬೇಡವೇ ಎಂಬುದಕ್ಕೆಲ್ಲ ಇದು ನೆರವಾಗುತ್ತದೆ. ರೆಡಿಮೇಡ್ ಟೆಂಪ್ಲೇಟುಗಳಲ್ಲಿ ಇಎನ್ ಎಂದಿರುತ್ತದೆ, ಬಹಳ ಜನ ಬದಲಿಸುವುದೇ ಇಲ್ಲ. ವ್ಯೂಪೋರ್ಟ್ ಸಾಲು ಇಲ್ಲದಿದ್ದರೆ ಫೋನು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ ಕುಗ್ಗಿಸುತ್ತದೆ, ಅಕ್ಷರ ಇರುವೆಯಷ್ಟಾಗುತ್ತದೆ.

ಶೀರ್ಷಿಕೆಗಳು

ಎಚ್1ರಿಂದ ಎಚ್6ರವರೆಗೆ ಆರು ಹಂತ. ಎಚ್1 ಇಡೀ ಪುಟದ ಹೆಸರು, ಪುಟಕ್ಕೆ ಒಂದೇ ಸಾಕು. ದೊಡ್ಡ ಭಾಗಗಳಿಗೆ ಎಚ್2, ಅದರೊಳಗಿನ ಉಪಭಾಗಗಳಿಗೆ ಎಚ್3. ಎಚ್4 ದಾಟುವ ಸಂದರ್ಭ ಅಪರೂಪ. ದಾಟುತ್ತಿದೆ ಎಂದರೆ ಲೇಖನವನ್ನೇ ಎರಡು ಮಾಡಬಹುದೇನೋ ನೋಡಿ.

ಗಾತ್ರ ನೋಡಿ ಹಂತ ಆರಿಸುವುದು ಇಲ್ಲಿನ ಮಾಮೂಲಿ ತಪ್ಪು. ಬ್ರೌಸರಿನ ಮೂಲ ಗಾತ್ರ 16 ಪಿಕ್ಸೆಲ್ ಎಂದುಕೊಂಡರೆ ಎಚ್1 ಅದರ ಎರಡು ಪಟ್ಟು, ಅಂದರೆ 32, ಎಚ್2 ಒಂದೂವರೆ ಪಟ್ಟು, 24. ಎಚ್3 ಹತ್ತಿರ ಹತ್ತಿರ 19. ಎಚ್4 ಸಾಮಾನ್ಯ ಬರಹದಷ್ಟೇ ಗಾತ್ರ, ದಪ್ಪ ಮಾತ್ರ. ಎಚ್5, ಎಚ್6 ಬರಹಕ್ಕಿಂತಲೂ ಚಿಕ್ಕವು. ಎಚ್2 ತುಂಬಾ ದೊಡ್ಡದಾಯಿತು ಎಂದು ಎಚ್1ರ ಕೆಳಗೆ ನೇರವಾಗಿ ಎಚ್4 ಹಾಕುವವರಿದ್ದಾರೆ. ಕಣ್ಣಿಗೆ ಚೆನ್ನಾಗೇ ಕಾಣುತ್ತದೆ. ಆದರೆ ಎನ್‌ವಿಡಿಎ, ಜಾಸ್‌ನಂಥ ಸ್ಕ್ರೀನ್ ರೀಡರ್ ಬಳಸುವವರು ಎಚ್ ಕೀಲಿ ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ, 2 ಒತ್ತಿದರೆ ಎರಡನೇ ಹಂತದವು ಮಾತ್ರ ಸಿಗುತ್ತವೆ. ಅವರ ಮಟ್ಟಿಗೆ ಈ ಪುಟದಲ್ಲಿ ಎರಡು ಹಂತ ಕಳೆದೇ ಹೋಗಿದೆ. ಎಚ್2 ದೊಡ್ಡದೆನಿಸಿದರೆ ಸಿಎಸ್‌ಎಸ್‌ನಲ್ಲಿ ಫಾಂಟ್-ಸೈಜ್ 1.25ಆರ್‌ಇಎಂ, ಅಂದರೆ ಮೂಲ ಗಾತ್ರದ ಒಂದೂಕಾಲು ಪಟ್ಟು ಎಂದು ಇಳಿಸಿ, ಹಂತವನ್ನು ಮುಟ್ಟಬೇಡಿ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು: ಪ್ಯಾರಾ ಹಾಕಿ, ಒಳಗಿನದನ್ನೆಲ್ಲ ದಪ್ಪ ಮಾಡಿ, ಶೀರ್ಷಿಕೆಯಂತೆ ಕಾಣಿಸುವುದು. ಅದು ನೋಡುವವರಿಗೆ ಮಾತ್ರ ಶೀರ್ಷಿಕೆ.

ಟೈಟಲ್ ಟ್ಯಾಗನ್ನೂ ಎಚ್1ನ್ನೂ ಗೊಂದಲ ಮಾಡಿಕೊಳ್ಳಬೇಡಿ. ಟೈಟಲ್ ಬ್ರೌಸರಿನ ಟ್ಯಾಬಿನಲ್ಲಿ, ಬುಕ್‌ಮಾರ್ಕಿನಲ್ಲಿ, ಹುಡುಕಾಟದ ಫಲಿತಾಂಶದಲ್ಲಿ ಬರುವ ಹೆಸರು. ಪುಟದೊಳಗೆ ಅದು ಕಾಣುವುದೇ ಇಲ್ಲ.

ಪ್ಯಾರಾ, ಖಾಲಿ ಜಾಗ, ಸಾಲು ಮುರಿತ

ಎಡಿಟರಿನಲ್ಲಿ ನೀವು ಎಷ್ಟು ಎಂಟರ್ ಒತ್ತಿ, ಎಷ್ಟು ಸ್ಪೇಸ್ ಹಾಕಿ, ಬ್ರೌಸರ್ ಅವನ್ನೆಲ್ಲ ಒಟ್ಟುಗೂಡಿಸಿ ಒಂದೇ ಸ್ಪೇಸ್ ಮಾಡುತ್ತದೆ. ಟ್ಯಾಬ್ ಒತ್ತಿದ್ದಕ್ಕೂ ಅದೇ ಗತಿ. ಹಾಗಾಗಿ ಪ್ರತಿ ಪ್ಯಾರಾವನ್ನೂ <ಪಿ> ಮತ್ತು </ಪಿ> ನಡುವೆ ಇಡಬೇಕು. ಬ್ರೌಸರ್ ತಾನಾಗಿ ಮೇಲೆ ಕೆಳಗೆ ಒಂದು ಅಕ್ಷರದೆತ್ತರದಷ್ಟು, ಅಂದರೆ 1ಇಎಂ ಅಂತರ ಬಿಡುತ್ತದೆ. ಎರಡು ಪ್ಯಾರಾಗಳ ನಡುವೆ ಈ ಅಂತರಗಳು ಕೂಡಿ ಎರಡು ಆಗುವುದಿಲ್ಲ, ಒಂದರೊಳಗೊಂದು ಸೇರಿಕೊಂಡು ಒಂದೇ ಆಗಿ ಉಳಿಯುತ್ತದೆ.

ಮುಚ್ಚುವ </ಪಿ> ಬಿಟ್ಟರೂ ನಿಯಮದ ಪ್ರಕಾರ ತಪ್ಪಲ್ಲ, ಮುಂದಿನ ಪ್ಯಾರಾ ಶುರುವಾದೊಡನೆ ಹಿಂದಿನದು ತಾನೇ ಮುಚ್ಚಿಕೊಳ್ಳುತ್ತದೆ. 1991ರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಕೊಟ್ಟ ಮೊದಲ ಟ್ಯಾಗ್ ಪಟ್ಟಿಯಲ್ಲಿ ಪಿ ಎನ್ನುವುದು ಎರಡು ಪ್ಯಾರಾಗಳ ನಡುವೆ ಹಾಕುವ ಗುರುತಷ್ಟೇ ಆಗಿತ್ತು, ಅದರ ಪಳೆಯುಳಿಕೆ ಇದು. ಆದರೂ ಮುಚ್ಚುವ ಅಭ್ಯಾಸ ಇಟ್ಟುಕೊಳ್ಳಿ. ಏಕೆಂದರೆ ಈ ತಾನೇ ಮುಚ್ಚಿಕೊಳ್ಳುವ ಗುಣ ಇನ್ನೊಂದು ಕಡೆ ಕಾಡುತ್ತದೆ: ಪಿ ಒಳಗೆ ಪಟ್ಟಿ, ಶೀರ್ಷಿಕೆ, ಡಿವ್ (ಪುಟದ ಒಂದು ಭಾಗವನ್ನು ಒಟ್ಟಿಗೆ ಕಟ್ಟುವ ಟ್ಯಾಗ್), ಟೇಬಲ್ ಯಾವುದೂ ಇರುವಂತಿಲ್ಲ. ಪ್ಯಾರಾದೊಳಗೆ ಯುಎಲ್ ತೆರೆದ ಕೂಡಲೇ ಬ್ರೌಸರ್ ಆ ಪ್ಯಾರಾವನ್ನು ಅಲ್ಲೇ ಮುಚ್ಚಿಬಿಡುತ್ತದೆ. ಪಟ್ಟಿಯ ನಂತರ ನೀವು ಬರೆದ </ಪಿ> ಒಡೆಯನಿಲ್ಲದೆ ಉಳಿಯುತ್ತದೆ, ಅದಕ್ಕಾಗಿ ಬ್ರೌಸರ್ ಒಂದು ಖಾಲಿ ಪ್ಯಾರಾ ಹುಟ್ಟಿಸುತ್ತದೆ. ಪ್ಯಾರಾಗೆ ಕೊಟ್ಟ ಬಣ್ಣ ಪಟ್ಟಿಗೆ ಏಕೆ ಹತ್ತಲಿಲ್ಲ ಎಂದು ತಲೆ ಕೆರೆದುಕೊಳ್ಳುವ ಬಹುಪಾಲು ಪ್ರಸಂಗಗಳ ಮೂಲ ಇದೇ.

ಬಿಆರ್ ಟ್ಯಾಗ್ ಸಾಲನ್ನು ಮುರಿಯುತ್ತದೆ. ಇದಕ್ಕೆ ಮುಚ್ಚುವ ಟ್ಯಾಗ್ ಇಲ್ಲ. ಸಾಲು ಮುರಿಯುವುದೇ ಬರಹದ ಭಾಗವಾಗಿರುವ ಕಡೆ, ಅಂದರೆ ಕವಿತೆಯಲ್ಲಿ, ವಿಳಾಸದಲ್ಲಿ ಮಾತ್ರ ಬಳಸಿ. ಅಂತರ ಬೇಕೆಂದು ಬಿಆರ್ ಬಿಆರ್ ಬಿಆರ್ ಎಂದು ಸುರಿಯಬೇಡಿ. ಕಂಪ್ಯೂಟರಿನಲ್ಲಿ ಹದವಾಗಿ ಕಂಡ ಅಂತರ ಫೋನಿನಲ್ಲಿ ಅರ್ಧ ಪರದೆ ನುಂಗುತ್ತದೆ, ನಾಳೆ ಬದಲಿಸಬೇಕೆಂದರೆ ನೂರು ಕಡೆ ಹುಡುಕಬೇಕು. ಸಿಎಸ್‌ಎಸ್‌ನಲ್ಲಿ ಮಾರ್ಜಿನ್ ಕೊಟ್ಟರೆ ಒಂದೇ ಸಾಲಿನ ಕೆಲಸ. ಲೇಖನದಲ್ಲಿ ವಿಷಯ ಹೊರಳುವ ಕಡೆ ಅಡ್ಡಗೆರೆ ಬೇಕಾದರೆ ಎಚ್‌ಆರ್ ಇದೆ.

ಅಂಕಿ ಮತ್ತು ಅದರ ಅಳತೆ ಒಂದೇ ಸಾಲಿನಲ್ಲಿರಬೇಕು, 5 ಒಂದು ಸಾಲಿನ ಕೊನೆಗೆ, ಕಿ.ಮೀ. ಮುಂದಿನ ಸಾಲಿಗೆ ಹೋಗಬಾರದು ಎಂದಾದರೆ ನಡುವೆ &ಎನ್‌ಬಿಎಸ್‌ಪಿ; ಹಾಕಿ. ಆಂಪರ್‌ಸ್ಯಾಂಡ್ ಚಿಹ್ನೆಯಿಂದ ಶುರುವಾಗಿ ಸೆಮಿಕೋಲನ್‌ನಲ್ಲಿ ಮುಗಿಯುವ ಇಂಥವನ್ನು ಎಂಟಿಟಿ ಎನ್ನುತ್ತಾರೆ. ಬರಹದೊಳಗೆ < ಚಿಹ್ನೆಯನ್ನೇ ತೋರಿಸಬೇಕಾದಾಗ &ಎಲ್‌ಟಿ; ಎಂದೂ, & ಚಿಹ್ನೆಗೆ &ಎಎಂಪಿ; ಎಂದೂ ಬರೆಯಬೇಕು. < ಹಿಂದೆಯೇ ಅಂಕಿ ಬಂದರೆ ಬ್ರೌಸರ್ ಸುಮ್ಮನೆ ತೋರಿಸಿಬಿಡುತ್ತದೆ, ಇಂಗ್ಲಿಷ್ ಅಕ್ಷರ ಬಂದರೆ ಟ್ಯಾಗ್ ಎಂದು ಭಾವಿಸಿ ನುಂಗಿಹಾಕುತ್ತದೆ. ಒಮ್ಮೆ ಸರಿ ಒಮ್ಮೆ ತಪ್ಪು ಆಗುವುದು ಇದರಿಂದಲೇ.

ಪಟ್ಟಿಗಳು

ಅಂಶಗಳ ಕ್ರಮ ಬದಲಿಸಿದರೂ ಅರ್ಥ ಕೆಡದಿದ್ದರೆ ಯುಎಲ್, ಕೆಟ್ಟರೆ ಓಎಲ್. ಪಂಕ್ಚರ್ ಹಾಕುವ ಪುಟವನ್ನೇ ತೆಗೆದುಕೊಳ್ಳಿ. ಬೇಕಾದ ಸಾಮಾನುಗಳನ್ನು ಹೇಗೆ ಬೇಕಾದರೂ ಹೇಳಬಹುದು. ಕೆಲಸದ ಹಂತಗಳನ್ನು ಹಾಗೆ ಹೇಳಲಾಗದು, ಪ್ಯಾಚ್ ಅಂಟಿಸಿದ ಮೇಲೆ ಟ್ಯೂಬ್ ಉಜ್ಜಿ ಪ್ರಯೋಜನವಿಲ್ಲ.

<ಎಚ್2>ಬೇಕಾದ ಸಾಮಾನು</ಎಚ್2>
<ಯುಎಲ್>
  <ಎಲ್‌ಐ>ಟೈರ್ ಲಿವರ್, ಎರಡು</ಎಲ್‌ಐ>
  <ಎಲ್‌ಐ>ಮರಳು ಕಾಗದ</ಎಲ್‌ಐ>
  <ಎಲ್‌ಐ>ರಬ್ಬರ್ ಸಲ್ಯೂಷನ್, ಪ್ಯಾಚ್</ಎಲ್‌ಐ>
</ಯುಎಲ್>
<ಎಚ್2>ಹಂತಗಳು</ಎಚ್2>
<ಓಎಲ್>
  <ಎಲ್‌ಐ>ಗಾಳಿ ಪೂರ್ತಿ ಬಿಟ್ಟು ಟ್ಯೂಬ್ ಹೊರತೆಗೆಯಿರಿ.</ಎಲ್‌ಐ>
  <ಎಲ್‌ಐ>ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ತೂತು ಹುಡುಕಿ.
    <ಪಿ>ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕಿ.</ಪಿ>
  </ಎಲ್‌ಐ>
  <ಎಲ್‌ಐ>ಒರೆಸಿ ಒಣಗಿಸಿ, ಗಾಳಿ ಬಿಟ್ಟು, ಮರಳು ಕಾಗದದಿಂದ ಉಜ್ಜಿ.</ಎಲ್‌ಐ>
</ಓಎಲ್>

ಎರಡನೇ ಹಂತದ ಒಳಗಿರುವ ಪಿ ಗಮನಿಸಿ. ವಿವರಣೆಯ ಪ್ಯಾರಾ, ಚಿತ್ರ, ಒಳಪಟ್ಟಿ ಏನೇ ಇದ್ದರೂ ಎಲ್‌ಐ ಮುಚ್ಚುವ ಮೊದಲೇ ಬರಬೇಕು. ಯುಎಲ್, ಓಎಲ್‌ಗಳ ನೇರ ಮಕ್ಕಳಾಗಿ ಎಲ್‌ಐ ಬಿಟ್ಟು ಬೇರೆ ಬರಹದ ಟ್ಯಾಗ್ ಸಲ್ಲದು. ಇದನ್ನು ಅರಿಯದವರು ಎರಡನೇ ಹಂತದ ನಂತರ ಪಟ್ಟಿ ಮುಚ್ಚಿ, ಪ್ಯಾರಾ ಬರೆದು, ಮತ್ತೆ ಹೊಸ ಓಎಲ್ ತೆರೆಯುತ್ತಾರೆ. ಎಣಿಕೆ ಮತ್ತೆ 1ರಿಂದ ಶುರುವಾಗುತ್ತದೆ. ಆಗ ಓಎಲ್ ಬಿಟ್ಟು ಕೈಯಿಂದಲೇ 3, 4 ಎಂದು ಟೈಪ್ ಮಾಡಲು ಹೊರಡುತ್ತಾರೆ. ಪಟ್ಟಿಯನ್ನು ನಿಜಕ್ಕೂ ನಡುವೆ ನಿಲ್ಲಿಸಲೇಬೇಕಾದರೆ ಹೊಸ ಓಎಲ್‌ಗೆ ಸ್ಟಾರ್ಟ್="3" ಎಂದು ಕೊಡಿ. ಹಿಂದುಮುಂದಾಗಿ ಎಣಿಸಲು ರಿವರ್ಸ್ಡ್ ಎಂಬ ಗುಣವಿದೆ.

ಕನ್ನಡ ಅಂಕಿಗಳು ಬೇಕೆನ್ನುವವರಿಗೆ ಸಿಎಸ್‌ಎಸ್‌ನಲ್ಲಿ ಲಿಸ್ಟ್-ಸ್ಟೈಲ್-ಟೈಪ್ ಎಂಬುದಕ್ಕೆ ಕನ್ನಡ ಎಂಬ ಬೆಲೆಯೇ ಇದೆ, ಭಾಷೆಯ ಹೆಸರನ್ನು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಬರೆದರಾಯಿತು. ಎಣಿಕೆ ೧, ೨, ೩ ಎಂದು ಬರುತ್ತದೆ.

ಪಟ್ಟಿಗೆ ಎಡಗಡೆ 40 ಪಿಕ್ಸೆಲ್ ಜಾಗ ತಾನಾಗಿ ಬರುತ್ತದೆ. ಈ ಜಾಗದ ಆಸೆಗಾಗಿ ಸಾಮಾನ್ಯ ಪ್ಯಾರಾವನ್ನು ಯುಎಲ್ ಒಳಗೆ ತುರುಕಬೇಡಿ. ಪದ ಮತ್ತು ಅದರ ವಿವರಣೆ ಎಂಬಂಥ ಜೋಡಿಗಳಿಗೆ ಡಿಎಲ್ ಇದೆ: ಡಿಟಿಯಲ್ಲಿ ಪದ, ಡಿಡಿಯಲ್ಲಿ ವಿವರಣೆ. ಒಳ್ಳೆಯ ಟ್ಯಾಗ್, ಪಾಪ ಯಾರೂ ಬಳಸುವುದಿಲ್ಲ.

ಒತ್ತು ಕೊಡುವುದು, ಮತ್ತು ಕನ್ನಡದ ತಕರಾರುಗಳು

ಸ್ಟ್ರಾಂಗ್, ಬಿ ಎರಡೂ ಅಕ್ಷರವನ್ನು ದಪ್ಪ ಮಾಡುತ್ತವೆ. ಇಎಂ, ಐ ಎರಡೂ ಓರೆ ಮಾಡುತ್ತವೆ. ವ್ಯತ್ಯಾಸ ಅರ್ಥದಲ್ಲಿದೆ. ಓದುಗ ತಪ್ಪಿಸಿಕೊಳ್ಳಬಾರದ ಮಾತು, ಎಚ್ಚರಿಕೆ, ಗಡುವು ಇದ್ದಲ್ಲಿ ಸ್ಟ್ರಾಂಗ್. ವಾಕ್ಯದಲ್ಲಿ ದನಿ ಎತ್ತಿ ಹೇಳುವ ಪದಕ್ಕೆ ಇಎಂ. "ನೀವು ಬರಬೇಕು" ಎಂಬ ವಾಕ್ಯದಲ್ಲಿ "ನೀವು" ಎಂಬುದನ್ನು ಒತ್ತಿದರೆ ಒಂದರ್ಥ, "ಬರಬೇಕು" ಒತ್ತಿದರೆ ಇನ್ನೊಂದು. ಬಿ ಬರೀ ಕಣ್ಣಿಗೆ ಎದ್ದು ಕಾಣಲಿ ಎಂದು, ಉದಾಹರಣೆಗೆ ಉತ್ಪನ್ನದ ಹೆಸರಿಗೆ. ಐ ಪರಭಾಷೆಯ ಪದ, ವೈಜ್ಞಾನಿಕ ಹೆಸರುಗಳಿಗೆ. ಇಡೀ ಪ್ಯಾರಾ ಸ್ಟ್ರಾಂಗ್ ಮಾಡಿದರೆ ಯಾವುದೂ ಮುಖ್ಯವಾಗಿ ಉಳಿಯುವುದಿಲ್ಲ.

ಕನ್ನಡದಲ್ಲಿ ಓರೆ ಅಕ್ಷರದ್ದೇ ದೊಡ್ಡ ತೊಂದರೆ. ರೋಮನ್ ಲಿಪಿಗೆ ಇರುವಂತೆ ನಮ್ಮ ಲಿಪಿಗೆ ಇಟಾಲಿಕ್ ಎಂಬ ಬೇರೆ ವಿನ್ಯಾಸದ ಪರಂಪರೆ ಇಲ್ಲ. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟಿನಲ್ಲೂ ಅದಿಲ್ಲ. ಆದ್ದರಿಂದ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಹಿಡಿದು ವಾಲಿಸಿಬಿಡುತ್ತದೆ. ದುಂಡಗಿನ ಅಕ್ಷರಗಳು ಜಜ್ಜಿದಂತಾಗಿ, ಒತ್ತಕ್ಷರ ಮೇಲಿನ ಅಕ್ಷರದಿಂದ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಟ್ಯಾಗ್ ಬಿಡುವುದು ಪರಿಹಾರವಲ್ಲ, ರೂಪ ಬದಲಿಸಿ:

ಇಎಂ:ಲ್ಯಾಂಗ್(ಕೆಎನ್) { ಫಾಂಟ್-ಸ್ಟೈಲ್: ನಾರ್ಮಲ್; ಫಾಂಟ್-ವೆಯ್ಟ್: 600; }

ಇದನ್ನು ಹಾಕಿದರೆ ಒತ್ತಿನ ಅರ್ಥವೂ ಉಳಿಯಿತು, ಅಕ್ಷರವೂ ಕೆಡಲಿಲ್ಲ. ಮೇಲೆ ಲ್ಯಾಂಗ್ ಗುಣ ಸರಿಯಾಗಿ ಕೊಟ್ಟಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ.

ಅಡಿಗೆರೆ ಎಳೆಯುವ ಯು ಟ್ಯಾಗನ್ನು ಸಾಧ್ಯವಾದಷ್ಟು ದೂರವಿಡಿ. ಒಂದು, ಓದುಗ ಅದನ್ನು ಲಿಂಕ್ ಎಂದುಕೊಂಡು ಒತ್ತುತ್ತಾನೆ. ಎರಡು, ಗೆರೆ ಒತ್ತಕ್ಷರಗಳ ಮೈಮೇಲೇ ಹಾಯುತ್ತದೆ, ಇಲ್ಲವೇ ಅವುಗಳ ಬಳಿ ತುಂಡು ತುಂಡಾಗುತ್ತದೆ. ಲಿಂಕುಗಳಿಗೆ ಗೆರೆ ಬೇಕೇ ಬೇಕು, ಅಲ್ಲಿ ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್ ಎಂಬುದರಿಂದ ಗೆರೆಯನ್ನು ಸ್ವಲ್ಪ ಕೆಳಗಿಳಿಸಿ. 0.3ಇಎಂ ಇಟ್ಟು ನೋಡಿ, ನಿಮ್ಮ ಫಾಂಟಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಸಾಲುಗಳ ನಡುವಿನ ಅಂತರವೂ ಇದಕ್ಕೇ ಸಂಬಂಧಿಸಿದ್ದು. "ಸ್ತ್ರೀ", "ರಾಷ್ಟ್ರ", "ಶಾಸ್ತ್ರ" ಇಂಥ ಪದಗಳಲ್ಲಿ ಒತ್ತುಗಳು ಕೆಳಕ್ಕೆ ಇಳಿಯುತ್ತವೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷಿಗೆ ಒಪ್ಪುವ 1.4 ಲೈನ್-ಹೈಟ್ ಕನ್ನಡಕ್ಕೆ ಇಕ್ಕಟ್ಟು. 1.6ರಿಂದ 1.8ರ ನಡುವೆ ಇಡಿ. ಬರೀ ಅಂಕಿ ಬರೆಯಿರಿ, ಪಿಕ್ಸೆಲ್ ಬೇಡ. 26 ಪಿಕ್ಸೆಲ್ ಎಂದು ಬಾಡಿ ಟ್ಯಾಗಿಗೆ ಕೊಟ್ಟರೆ 32 ಪಿಕ್ಸೆಲ್‌ನ ಎಚ್1 ಕೂಡ ಅದೇ 26ರ ಸಾಲಿನಲ್ಲಿ ಕೂರಬೇಕಾಗಿ, ಎರಡು ಸಾಲಿನ ಶೀರ್ಷಿಕೆ ಒಂದರ ಮೇಲೊಂದು ಏರುತ್ತದೆ.

ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಪುಸ್ತಕದಲ್ಲಿ ಚೆಂದ. ಫೋನಿನ ಪರದೆಯಲ್ಲಿ ಕನ್ನಡಕ್ಕೆ ಅದು ಹೊಂದುವುದಿಲ್ಲ. ವಿಭಕ್ತಿ, ಸಮಾಸ ಎಲ್ಲ ಸೇರಿ ನಮ್ಮ ಪದಗಳು ಉದ್ದ, ಸಾಲಿಗೆ ಮೂರ್ನಾಲ್ಕು ಪದ ಹಿಡಿದರೆ ಹೆಚ್ಚು. ಮಿಕ್ಕ ಜಾಗವನ್ನು ಎರಡು ಮೂರು ಕಂಡಿಗಳಲ್ಲಿ ಹಂಚುವಾಗ ಸಾಲಿನಲ್ಲಿ ಹಲ್ಲು ಬಿದ್ದಂತಾಗುತ್ತದೆ. ಎಡಕ್ಕೆ ಜೋಡಿಸಿ ಬಿಟ್ಟುಬಿಡಿ. ಒಂದೇ ಪದ ಪರದೆಗಿಂತ ಉದ್ದವಾಗಿ ಪುಟ ಅಡ್ಡಡ್ಡ ಸರಿಯತೊಡಗಿದರೆ ಓವರ್‌ಫ್ಲೋ-ರಾಪ್: ಬ್ರೇಕ್-ವರ್ಡ್ ಎಂಬ ಸಾಲು ಸೇರಿಸಿ. ಅಕ್ಷರಗಳ ನಡುವೆ ಅಂತರ ಹಾಕುವ ಲೆಟರ್-ಸ್ಪೇಸಿಂಗ್ ಕನ್ನಡ ಶೀರ್ಷಿಕೆಗೆ ಬೇಡವೇ ಬೇಡ.

ಇನ್ನೊಂದು ಸೂಕ್ಷ್ಮ. ಟ್ಯಾಗ್ ಯಾವತ್ತೂ ಪೂರ್ತಿ ಅಕ್ಷರದ ಆಚೆ ಬೀಳಬೇಕು. ಪದದ ಒಂದು ಭಾಗಕ್ಕೆ ಬಣ್ಣ ಕೊಡಲು ಹೋಗಿ ವ್ಯಂಜನ ಮತ್ತು ಅದರ ಸ್ವರಚಿಹ್ನೆಯ ನಡುವೆ ಸ್ಪ್ಯಾನ್ ಟ್ಯಾಗ್ ಬಿದ್ದರೆ, ಚಿಹ್ನೆ ಅನಾಥವಾಗಿ ಚುಕ್ಕಿಗಳ ವೃತ್ತದ ಜತೆ ಕಾಣಿಸಿಕೊಳ್ಳಬಹುದು, ಒತ್ತಕ್ಷರ ಬಿಡಿಸಿಕೊಳ್ಳಬಹುದು. ಹಾಗೆಯೇ "ಬ್ರೌಸರ್‌ನಲ್ಲಿ" ಎಂಬುದು "ಬ್ರೌಸರ್ನಲ್ಲಿ" ಎಂದಾಗಿಬಿಟ್ಟಿದ್ದರೆ ನಡುವಿನ ಕಣ್ಣಿಗೆ ಕಾಣದ ಜೋಡಣೆ ತಡೆ ಸಂಕೇತ ಅಂಟಿಸುವಾಗ ಉದುರಿದೆ ಎಂದರ್ಥ. ಕೀಬೋರ್ಡಿನಲ್ಲಿ ಅದು ಸಿಗದಿದ್ದರೆ ಅರ್ಧಾಕ್ಷರದ ನಂತರ &ಝಡ್‌ಡಬ್ಲ್ಯುಎನ್‌ಜೆ; ಎಂಬ ಎಂಟಿಟಿ ಬರೆಯಬಹುದು.

ಉಳಿದವು

ಬೇರೆಯವರ ಬರಹದಿಂದ ಎತ್ತಿಕೊಂಡ ದೊಡ್ಡ ಭಾಗಕ್ಕೆ ಬ್ಲಾಕ್‌ಕೋಟ್. ಎರಡೂ ಬದಿ 40 ಪಿಕ್ಸೆಲ್ ಒಳಸರಿಯುತ್ತದೆ, ಫೋನಿನಲ್ಲಿ ಅಷ್ಟು ಜಾಸ್ತಿ, ಇಳಿಸಿಕೊಳ್ಳಿ. ಅದರ ಸೈಟ್ ಗುಣದಲ್ಲಿ ಮೂಲದ ವಿಳಾಸ ಕೊಟ್ಟರೂ ಓದುಗನಿಗೆ ಕಾಣುವುದಿಲ್ಲ, ಮೂಲವನ್ನು ಕೆಳಗೆ ಬರಹವಾಗಿಯೂ ಕೊಡಬೇಕು. ರಾಸಾಯನಿಕ ಸೂತ್ರದ ಕೆಳ ಅಂಕಿಗೆ ಸಬ್, ವರ್ಗ ಘನಗಳ ಮೇಲಂಕಿಗೆ ಸೂಪ್. ಇವು ಬಂದ ಸಾಲು ಮಾತ್ರ ಉಳಿದವಕ್ಕಿಂತ ಅಗಲವಾಗಿ ಕಂಡರೆ ಎರಡಕ್ಕೂ ಲೈನ್-ಹೈಟ್ 0 ಕೊಡಿ. ಸ್ಪೇಸ್, ಎಂಟರ್ ಇದ್ದ ಹಾಗೇ ಉಳಿಯಬೇಕಾದ ಕೋಡಿಗೆ ಪ್ರೀ, ಅದರೊಳಗೆ ಕೋಡ್. ತಿದ್ದುಪಡಿ ತೋರಿಸಲು ಡೆಲ್, ಇನ್ಸ್. ಟೇಬಲ್ ಅಂಕಿಅಂಶಕ್ಕೆ ಮಾತ್ರ, ಪುಟವನ್ನು ಎರಡು ಕಾಲಮ್ ಮಾಡಲು ಅಲ್ಲ. ಫಾಂಟ್, ಸೆಂಟರ್, ಮಾರ್ಕೀ ಮೂರನ್ನೂ ಈಗಿನ ಸ್ಟ್ಯಾಂಡರ್ಡ್ ಕೈಬಿಟ್ಟಿದೆ. ಬ್ರೌಸರ್ ಇನ್ನೂ ಸಹಿಸಿಕೊಳ್ಳುತ್ತದೆ ಎಂದ ಮಾತ್ರಕ್ಕೆ ಹೊಸ ಪುಟದಲ್ಲಿ ಹಾಕಬೇಡಿ.

ಲಿಂಕ್ ಬರೆಯುವ ಕ್ರಮ <ಎ ಎಚ್‌ರೆಫ್="ವಿಳಾಸ">ಬರಹ</ಎ>. ಒಳಗಿನ ಬರಹ "ಇಲ್ಲಿ ಒತ್ತಿ" ಎಂದಿರಬಾರದು. ಲಿಂಕುಗಳನ್ನಷ್ಟೇ ಪಟ್ಟಿ ಮಾಡಿ ಕೇಳುವವರಿಗೆ ಹತ್ತು ಸಲ "ಇಲ್ಲಿ ಒತ್ತಿ" ಎಂದೇ ಕೇಳಿಸುತ್ತದೆ. "ಪ್ಯಾಚ್ ಅಂಟಿಸುವ ವಿಧಾನ" ಎಂದು ಹೋಗುವ ಜಾಗದ ಹೆಸರನ್ನೇ ಲಿಂಕ್ ಮಾಡಿ. ಅದೇ ಪುಟದ ಬೇರೆ ಭಾಗಕ್ಕೆ ಹೋಗಲು ಆ ಶೀರ್ಷಿಕೆಗೆ ಐಡಿ ಕೊಟ್ಟು, ಎಚ್‌ರೆಫ್‌ನಲ್ಲಿ # ಸೇರಿಸಿ ಆ ಐಡಿ ಬರೆಯಿರಿ. ಐಡಿಯಲ್ಲಿ ಸ್ಪೇಸ್ ಇರಕೂಡದು, ಒಂದು ಐಡಿ ಪುಟದಲ್ಲಿ ಒಂದೇ ಕಡೆ ಇರಬೇಕು.

ವರ್ಡ್ ಏಕೆ ಬೇಡ ಎಂಬುದು ಲಿಂಕಿನಲ್ಲೇ ಗೊತ್ತಾಗುತ್ತದೆ. ವರ್ಡ್ ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತದೆ. ಎಚ್‌ಟಿಎಂಎಲ್‌ಗೆ ಗೊತ್ತಿರುವುದು ನೆಟ್ಟಗಿನದು ಮಾತ್ರ. ಬಾಗಿದ್ದನ್ನು ಅದು ವಿಳಾಸದ ಒಂದು ಅಕ್ಷರವೆಂದೇ ತಿಳಿದು ಇಲ್ಲದ ಪುಟಕ್ಕೆ ಕರೆದೊಯ್ಯುತ್ತದೆ. ನೋಡಲು ಎಲ್ಲ ಸರಿ, ಒತ್ತಿದರೆ 404, ಅಂದರೆ ಪುಟ ಸಿಗಲಿಲ್ಲ ಎಂಬ ಸಂದೇಶ. ಇನ್ನು ವರ್ಡ್‌ನಿಂದ ನೇರವಾಗಿ ವೆಬ್ ಎಡಿಟರಿಗೆ ಅಂಟಿಸಿದರೆ ಅದರ ಫಾಂಟು, ಗಾತ್ರ, ಬಣ್ಣಗಳೆಲ್ಲ ಜತೆಗೇ ಬಂದು ಕೂರುತ್ತವೆ. ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ಬರೀ ಅಕ್ಷರಗಳನ್ನು ಅಂಟಿಸಿ, ಟ್ಯಾಗ್‌ಗಳನ್ನು ಆಮೇಲೆ ಹಾಕಿ.

ಪರೀಕ್ಷೆ

ಕಂಟ್ರೋಲ್ ಯು ಒತ್ತಿದರೆ ನೀವು ಬರೆದ ಕೋಡು ಬರೆದಂತೆಯೇ ಕಾಣುತ್ತದೆ. ಎಫ್12 ಒತ್ತಿ ಎಲಿಮೆಂಟ್ಸ್ ತೆರೆದರೆ ಬ್ರೌಸರ್ ಅದನ್ನು ಅರ್ಥ ಮಾಡಿಕೊಂಡ ರೀತಿ ಕಾಣುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇದರ ಹೆಸರು ಇನ್‌ಸ್ಪೆಕ್ಟರ್. ಇವೆರಡರ ನಡುವೆ ವ್ಯತ್ಯಾಸವಿದ್ದಲ್ಲಿ ನಿಮ್ಮ ತಪ್ಪನ್ನು ಬ್ರೌಸರ್ ತನ್ನ ಬುದ್ಧಿಗೆ ತೋಚಿದಂತೆ ತಿದ್ದಿದೆ. ಮೇಲೆ ಹೇಳಿದ ಖಾಲಿ ಪ್ಯಾರಾ ಇಲ್ಲಿ ಕಣ್ಣಿಗೆ ಬೀಳುತ್ತದೆ. ಒಂದು ಹಂತದಿಂದ ಮುಂದೆ ಪುಟವೆಲ್ಲ ದಪ್ಪಕ್ಷರವಾಗಿದ್ದರೆ, ಅದು ಶುರುವಾದ ಜಾಗದಲ್ಲಿ ಸ್ಟ್ರಾಂಗ್ ಅಥವಾ ಬಿ ಮುಚ್ಚಿರುವುದಿಲ್ಲ. ಟ್ಯಾಗ್‌ಗಳನ್ನು ತೆರೆದದ್ದಕ್ಕೆ ಉಲ್ಟಾ ಕ್ರಮದಲ್ಲಿ ಮುಚ್ಚಬೇಕು: ಸ್ಟ್ರಾಂಗ್ ಒಳಗೆ ಇಎಂ ತೆರೆದಿದ್ದರೆ ಮೊದಲು ಇಎಂ, ಆಮೇಲೆ ಸ್ಟ್ರಾಂಗ್.

ಸಿಎಸ್‌ಎಸ್ ತೆಗೆದು ಪುಟ ನೋಡುವುದೂ ಒಳ್ಳೆಯ ಪರೀಕ್ಷೆ. ಫೈರ್‌ಫಾಕ್ಸ್‌ನಲ್ಲಿ ವ್ಯೂ ಮೆನುವಿನ ಪೇಜ್ ಸ್ಟೈಲ್‌ನಲ್ಲಿ ನೋ ಸ್ಟೈಲ್ ಆರಿಸಿ. ಬಣ್ಣ ವಿನ್ಯಾಸ ಎಲ್ಲ ಹೋದ ಮೇಲೂ ಯಾವುದು ಶೀರ್ಷಿಕೆ, ಯಾವುದು ಪಟ್ಟಿ, ಯಾವುದರ ಕೆಳಗೆ ಯಾವುದು ಎಂದು ತಿಳಿಯುವಂತಿರಬೇಕು.

ಕೊನೆಗೆ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಉಚಿತ ವ್ಯಾಲಿಡೇಟರಿಗೆ, ಅಂದರೆ ಕೋಡಿನ ತಪ್ಪು ಹುಡುಕುವ ಸಾಧನಕ್ಕೆ ಪುಟ ಹಾಕಿ. ತಪ್ಪುಗಳ ಉದ್ದನೆಯ ಪಟ್ಟಿ ನೋಡಿ ಗಾಬರಿಯಾಗಬೇಡಿ. ಒಂದು ಟ್ಯಾಗ್ ಮುಚ್ಚದೆ ಬಿಟ್ಟರೆ ಅದರ ಬೆನ್ನಿಗೆ ಹತ್ತಾರು ದೂರುಗಳು ಹುಟ್ಟಿಕೊಳ್ಳುತ್ತವೆ. ಮೊದಲ ತಪ್ಪನ್ನು ಮಾತ್ರ ತಿದ್ದಿ, ಮತ್ತೆ ಪರೀಕ್ಷಿಸಿ, ಉಳಿದದ್ದರಲ್ಲಿ ಮೊದಲನೆಯದನ್ನು ತಿದ್ದಿ. ಅದು ತೋರಿಸುವ ಸಾಲಿನ ಸಂಖ್ಯೆ ತಪ್ಪು ಗೊತ್ತಾದ ಜಾಗದ್ದು, ತಪ್ಪು ನಡೆದ ಜಾಗದ್ದೇ ಆಗಿರಬೇಕೆಂದಿಲ್ಲ. ಆ ಸಾಲಿನಲ್ಲಿ ಏನೂ ಸಿಗದಿದ್ದರೆ ಅಲ್ಲಿಂದ ಮೇಲಕ್ಕೆ ಹುಡುಕುತ್ತ ಹೋಗಿ.